ಮಗು ಏನು ಮಾಡಿ ತೋರಿಸಬೇಕು?

ಪ್ರೀತಿಯ ತಂಗೀ,

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಶಾಲೆಗಳಿಗೆ ಹೊಸದಾಗಿ ನೇಮಕವಾಗಿ ಬಂದ ನಿನ್ನಂಥವರಿಗಾಗಿ ಈ ಪತ್ರ.

‘ಮಕ್ಕಳು ವಿಸ್ತೀರ್ಣದ ಪರಿಕಲ್ಪನೆಯನ್ನು ಅರಿತುಕೊಳ್ಳುವರು’ ಎಂದು ಪಾಠಯೋಜನೆಯಲ್ಲಿ ಬರೆಯುವುದು ರೂಢಿ. ಅರಿತರೋ ಇಲ್ಲವೋ ನೋಡುವುದು ಹೇಗೆ? ಬಿ.ಇಡಿ.ಯಲ್ಲಿ ಓದಿದ ಬ್ಲೂಮ್ ನೆನಪಿರಬೇಕು. 1956ರಲ್ಲಿ ಅವರೂ ಅವರ ಸಂಗಡಿಗರೂ ಕಲಿಕೆಯ ಉದ್ದೇಶಗಳನ್ನು ಜ್ಞಾನದಿಂದ ಮೌಲ್ಯಮಾಪನದವರೆಗೆ ಆರು ಹಂತಗಳಲ್ಲಿ ಜೋಡಿಸಿದರು. ಪರೀಕ್ಷೆಗೆ ಬಾಯಿಪಾಠ ಮಾಡಿದ ಆ ಪಟ್ಟಿ ತರಗತಿಯಲ್ಲಿ ಉಪಯೋಗಕ್ಕೆ ಬರಬೇಕಾದರೆ ಒಂದೇ ಪ್ರಶ್ನೆ ಕೇಳಿಕೋ: ಪಾಠ ಮುಗಿದ ಮೇಲೆ ಮಗು ಏನು ಮಾಡಿ ತೋರಿಸಬೇಕು?

ರೋಣದ ಎರೆಹೊಲದ ಮಕ್ಕಳಿಗೆ ಎಕರೆ, ಗುಂಟೆ ಮನೆಯ ಮಾತು. ಹಾಗಾಗಿ ‘ಆಯತಾಕಾರದ ಜಾಗ ಅಳೆದು, ಎಷ್ಟು ಗುಂಟೆ ಎಂದು ಲೆಕ್ಕ ಹಾಕಿ ಹೇಳುವುದು’ ಎಂದು ಬರಿ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ 1,089 ಚದರ ಅಡಿ, ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ನಾಲ್ಕೈದು ಮಕ್ಕಳ ಗುಂಪಿಗೆ ಹಗ್ಗ, ಟೇಪು ಕೊಟ್ಟು ಶಾಲೆಯ ಬಯಲಿಗೆ ಕರೆದುಕೊಂಡು ಹೋಗು. ಅಳತೆ ಮುಗಿದ ಮೇಲೆ, ‘66 ಅಡಿಯ ಚೌಕ ಎಷ್ಟು ಗುಂಟೆ?’ ಎಂದು ಕೇಳು. ‘ಎರಡು’ ಎಂದ ಮಗು ಒಂದೇ ಬದಿ ನೋಡಿದೆ. ನೆಲದ ಮೇಲೆ ಗೆರೆ ಎಳೆಸಿ ಚೌಕಗಳನ್ನು ಎಣಿಸಲು ಹೇಳು, ನಾಲ್ಕು ಕಾಣುತ್ತವೆ. ತಪ್ಪು ಎಲ್ಲಿದೆ ಎಂದು ನಿನಗೂ ಗೊತ್ತಾಯಿತು, ಅಲ್ಲೇ ತಿದ್ದಿಯೂ ಆಯಿತು. ರೂಪಣಾತ್ಮಕ ಮೌಲ್ಯಮಾಪನ ಇರುವುದೇ ಇದಕ್ಕೆ.

ಚಟುವಟಿಕೆ ಎಷ್ಟೇ ಸೊಗಸಾಗಿರಲಿ, ಅಳೆಯಬೇಕಾದ್ದನ್ನೇ ಅಳೆಯಬೇಕು. ‘1858ರ ನರಗುಂದ ಬಂಡಾಯಕ್ಕೆ ಎರಡು ಕಾರಣ ವಿವರಿಸುವುದು’ ಉದ್ದೇಶ ಎಂದಿಟ್ಟುಕೋ. ಆ ಕಾಲದ ನರಗುಂದದವರೊಬ್ಬರು ಬೀಗರಿಗೆ ಬರೆದಂತೆ ಒಂದು ಪತ್ರ ಬರೆಯಲು ಹೇಳಬಹುದು. ನರಗುಂದದ ಅರಸ ಬಾಬಾಸಾಹೇಬರಿಗೆ ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪದಿದ್ದದ್ದು, ಆಯುಧ ಕಸಿಯಹೊರಟದ್ದು ಅದರಲ್ಲಿ ಬಂದಿವೆಯೇ, ಬಂಡಾಯಕ್ಕೂ ಅವಕ್ಕೂ ಇರುವ ಸಂಬಂಧ ಹೇಳಿದೆಯೇ ಎಂದು ನೋಡು. ಕೋಟೆಯ ಚಿತ್ರ ಚೆಂದ ಬಿಡಿಸಿದ ಹುಡುಗಿಯನ್ನು ಮನಸಾರೆ ಹೊಗಳು. ಆದರೆ ಕಾರಣಗಳ ಅಂಕವನ್ನು ಚಿತ್ರಕ್ಕೆ ಕೊಡಬೇಡ. ಏನು ನೋಡುತ್ತೀಯ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡು.

ಗಜೇಂದ್ರಗಡದ ನೇಕಾರರ ಮನೆಯ ಹುಡುಗ ಬರೆಯಲು ತಡವರಿಸಬಹುದು. ‘ಒಂದು ಕೆಲಸವನ್ನು ಕ್ರಮವಾಗಿ ವಿವರಿಸುವುದು’ ಎಂಬುದು ಉದ್ದೇಶವಾದರೆ ಮಗ್ಗದ ಬಗ್ಗೆ ಬಾಯಲ್ಲಿ ಹೇಳಲಿ. ಹಾಸು ಹೂಡುವುದರಿಂದ ಹಿಡಿದು ಲಾಳಿ ಓಡಿಸಿ ಹೊಕ್ಕು ಹೆಣೆಯುವವರೆಗೆ ಹಿಂದುಮುಂದಾಗದೆ ಹೇಳಿದರೆ ಆ ಉದ್ದೇಶ ಈಡೇರಿತು. ಬರವಣಿಗೆ ಬೇರೆ ಉದ್ದೇಶ. ಅದನ್ನು ಬೇರೆಯಾಗಿಯೇ ಕಲಿಸು, ಬೇರೆಯಾಗಿಯೇ ನೋಡು. ಎರಡನ್ನೂ ಕಲಸಿದರೆ ತಿಳಿದ ಮಗುವೂ ದಡ್ಡ ಎನಿಸಿಕೊಳ್ಳುತ್ತದೆ. ಅಂಥ ಅನ್ಯಾಯ ನಿನ್ನ ಕೈಯಿಂದ ಆಗದಿರಲಿ.

ಹೊಲದಲ್ಲಿ ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ಕೆಲವು ಮಕ್ಕಳು ಶಾಲೆಗೆ ಬರುವುದಿಲ್ಲ. ಅವರು ಮರಳಿದ ಮೇಲೆ ಅದೇ ಉದ್ದೇಶಕ್ಕೆ ಇನ್ನೊಂದು ಅವಕಾಶ ಕೊಡು.

ಎಲ್ಲ ಪಾಠಗಳನ್ನೂ ಒಮ್ಮೆಲೇ ಬದಲಿಸಹೋಗಬೇಡ. ನಾಳಿನ ಒಂದು ಪಾಠದ ಉದ್ದೇಶ ಬರಿ, ಅದರ ಕೆಳಗೆ ‘ಇದನ್ನು ಯಾವುದರಿಂದ ತಿಳಿಯಲಿ?’ ಎಂಬುದಕ್ಕೆ ಉತ್ತರ ಬರಿ. ಉತ್ತರ ಹೊಳೆಯದಿದ್ದರೆ ಉದ್ದೇಶವನ್ನೇ ತಿದ್ದು, ಆಮೇಲೆ ತರಗತಿಗೆ ಹೋಗು.

ಶುಭ ಹಾರೈಕೆಗಳೊಂದಿಗೆ,
ನಿನ್ನ ಹಿರಿಯ ಶಿಕ್ಷಕ ಬಂಧು