ಬೆಳಗ್ಗೆ ಗುಡಿ, ಸಂಜೆ ಹೊಳೆ

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಹತ್ತಿರ ಬಂತೆಂದರೆ ಓದುಗರ ಚಿತ್ರಗಳು ರಾಶಿ ಬೀಳುತ್ತವೆ. ಅದರಲ್ಲಿ ಹರಿಹರದ ಹರಿಹರೇಶ್ವರ ದೇವಸ್ಥಾನದ್ದು ದೊಡ್ಡ ಪಾಲು. ಒಂದೊಂದಾಗಿ ತೆರೆದು ನೋಡಿದರೆ ಒಂದೇ ಚಿತ್ರವನ್ನು ಐವತ್ತು ಜನ ತೆಗೆದ ಹಾಗಿರುತ್ತದೆ: ಬೆಳ್ಳಗೆ ಬೆಂದ ಆಕಾಶ, ಅದರ ಮುಂದೆ ಇದ್ದಿಲ ಮೂಟೆಯಂತೆ ಕಪ್ಪಗೆ ಕೂತ ಗುಡಿ. ಜೊತೆಗೊಂದು ಸಾಲು, ‘ನನ್ನ ಫೋನು ಅಷ್ಟಕ್ಕಷ್ಟೇ ಸಾರ್, ಹೊಂದಿಸಿಕೊಳ್ಳಿ’. ಫೋನಿನದು ಏನೂ ತಪ್ಪಿಲ್ಲ. ಅವರು ಅಲ್ಲಿಗೆ ಹೋಗಿದ್ದೇ ಸಂಜೆ ಐದಕ್ಕೆ.

ದಾವಣಗೆರೆ ಸುತ್ತಮುತ್ತ ಫೋಟೊ ತೆಗೆಯಲು ಎಲ್ಲಿಗೆ ಹೋಗಲಿ ಎಂದು ಕೇಳುವವರು ಬೇಕಾದಷ್ಟು ಜನ. ಯಾವ ಹೊತ್ತಿಗೆ ಹೋಗಲಿ ಎಂದು ಈವರೆಗೆ ಯಾರೂ ಕೇಳಿಲ್ಲ. ಅದಕ್ಕೇ ಈ ಲೇಖನ ಊರುಗಳ ಪಟ್ಟಿಗಿಂತ ಗಡಿಯಾರವನ್ನು ಹೆಚ್ಚು ನೋಡುತ್ತದೆ. ಒಂದು ಭಾನುವಾರ ಸಾಕು.

ಮೊದಲ ಕೆಲಸ ಶನಿವಾರ ರಾತ್ರಿಯದು. ಫೋನಿನ ಲೆನ್ಸನ್ನು ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒರೆಸಿ. ನಗಬೇಡಿ, ಬಿಸಿಲಿಗೆ ಎದುರಾಗಿ ತೆಗೆದ ಚಿತ್ರ ಮಂಜು ಕವಿದಂತೆ ಬರುವುದು ಬಹಳ ಸಲ ಬೆರಳಿನ ಎಣ್ಣೆಯಿಂದ. ಆಮೇಲೆ ಸೂರ್ಯೋದಯ ನೋಡಿಕೊಳ್ಳಿ. ನಮ್ಮಲ್ಲಿ ಜೂನ್‌ನಲ್ಲಿ ಬೆಳಗ್ಗೆ ಆರರ ಹೊತ್ತಿಗೆ, ಡಿಸೆಂಬರ್ ಕೊನೆಯಲ್ಲಿ ಆರೂ ಮುಕ್ಕಾಲರ ಹೊತ್ತಿಗೆ. ಹರಿಹರ 14 ಕಿ.ಮೀ., ದಾರಿ ಹೇಳಬೇಕಾಗಿಲ್ಲ. ಸೂರ್ಯ ಹುಟ್ಟಿ ಅರ್ಧ ಗಂಟೆಯೊಳಗೆ ಗುಡಿಯ ಅಂಗಳದಲ್ಲಿರಬೇಕು.

ಇತಿಹಾಸ ಎರಡೇ ಮಾತಿನಲ್ಲಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ ಇದು. ಮುಂದೆ 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ ಇಲ್ಲಿ ಐದು ನೆಲೆಯ ಗೋಪುರ ಎತ್ತಿಸಿದ. ಸೋಮನಾಥಪುರ ಕಟ್ಟಿಸಿದ ಸೋಮನೂ ಇವನೇ. ಒಂದೇ ವಿಗ್ರಹದಲ್ಲಿ ಅರ್ಧ ಹರ, ಅರ್ಧ ಹರಿ. ಉಳಿದದ್ದನ್ನು ಅಂಗಳದಲ್ಲಿ ನಿಲ್ಲಿಸಿರುವ ಶಾಸನಗಳು ಹೇಳುತ್ತವೆ. ನಮಗೆ ಈಗ ಬೇಕಾದ ಸಂಗತಿ ಬೇರೆ: ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಮುಂದಿನ ಮಂಟಪ ಗೋಡೆಯಿಲ್ಲದೆ ತೆರೆದಿದೆ, ಕಲ್ಲು ಕಪ್ಪು.

ಈ ಮೂರು ಮಾತು ಕೂಡಿಸಿ ನೋಡಿ. ಸಂಜೆ ಸೂರ್ಯ ಗುಡಿಯ ಬೆನ್ನಿಗಿರುತ್ತಾನೆ, ಮುಖ ನೆರಳಲ್ಲಿರುತ್ತದೆ, ಆಕಾಶ ಉರಿಯುತ್ತಿರುತ್ತದೆ. ಇದ್ದಿಲ ಮೂಟೆ ತಯಾರು. ಬೆಳಗ್ಗೆ ಎಲ್ಲ ತಿರುವುಮುರುವು. ಸುತ್ತಲಿನ ಮನೆಗಳ ನೆತ್ತಿ ದಾಟಿ ಬಂದ ಎಳೆಬಿಸಿಲು ಸೂರಿನ ಕೆಳಗೆ ನುಸುಳಿ ಮಂಟಪದ ಒಳಗಿನ ಕಂಬಗಳವರೆಗೂ ಬರುತ್ತದೆ. ಸೂರ್ಯ ಮೇಲೇರಿದಂತೆ ಬಿಸಿಲು ಹೆಜ್ಜೆ ಹೆಜ್ಜೆಯಾಗಿ ಹೊರಕ್ಕೆ ಸರಿದು ಕೊನೆಗೆ ಮೆಟ್ಟಿಲಲ್ಲಿ ನಿಲ್ಲುತ್ತದೆ. ಆದ್ದರಿಂದ ಮೊದಲು ಒಳಗಿನ ಕಂಬ, ಆಮೇಲೆ ಹೊರಗಿನ ದೀಪಸ್ತಂಭ. ಜನ ಮಾಡುವುದು ಉಲ್ಟಾ. ಬಂದವರೇ ದೀಪಸ್ತಂಭದ ಮುಂದೆ ಸೆಲ್ಫಿಗೆ ನಿಲ್ಲುತ್ತಾರೆ, ಒಳಗೆ ಕಾಲಿಡುವಾಗ ಬಿಸಿಲು ಹೊರಟುಹೋಗಿರುತ್ತದೆ. ದೀಪಸ್ತಂಭ ಎಲ್ಲಿಗೂ ಓಡುವುದಿಲ್ಲ.

ಈಗ ನನ್ನ ಹಳೆಯ ತಕರಾರಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮಂಟಪದೊಳಗೆ ನಿಂತು ಫೋನ್ ಎತ್ತಿದ ಕೂಡಲೇ ಅದು ಕಂಡದ್ದನ್ನೆಲ್ಲ ಸರಾಸರಿ ಮಾಡಿ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಅದಕ್ಕೆ ಹೊಯ್ಸಳರೂ ಗೊತ್ತಿಲ್ಲ, ಬಳಪದ ಕಲ್ಲೂ ಗೊತ್ತಿಲ್ಲ. ಕಂಬದ ಹಿಂದೆ ಬಿಸಿಲಿನ ಅಂಗಳವಿದ್ದರೆ ಆ ಬೆಳಕಿಗೆ ಹೆದರಿ ಇಡೀ ಚಿತ್ರವನ್ನು ಕಪ್ಪು ಮಾಡುತ್ತದೆ. ಹಾಗೆಂದು ಕಂಬಕ್ಕೆ ತೀರಾ ಹತ್ತಿರ ಹೋದರೆ, ಅಯ್ಯೋ ಇದು ವಿಪರೀತ ಕಪ್ಪು ಎಂದು ಬೆಳಕು ಏರಿಸಿ, ಮಿರುಗುವ ಕರಿಕಲ್ಲನ್ನು ವಿಭೂತಿ ಬಳಿದ ಹಾಗೆ ಮಾಡಿಬಿಡುತ್ತದೆ. ಒಂದೇ ಫೋನು, ಒಂದೇ ಕಂಬ, ಎರಡು ಎದುರುಬದುರು ತಪ್ಪು.

ಪರಿಹಾರ ಮೂರು ಹೆಜ್ಜೆ. ಒಂದು, ನಿಲ್ಲುವ ಜಾಗ ಬದಲಿಸಿ. ಅಂಗಳ ನಿಮ್ಮ ಬೆನ್ನಿಗೆ ಬರಲಿ, ಕಂಬದ ಹಿಂದೆ ಮಂಟಪದ ನೆರಳಿರಲಿ. ಗರ್ಭಗುಡಿಯತ್ತ ನೇರ ಹಿಡಿಯಬೇಡಿ, ಕೋನದಲ್ಲಿ ಹಿಡಿಯಿರಿ. ಅಲ್ಲಿ ಪೂಜೆ ನಡೆಯುತ್ತಿರುತ್ತದೆ, ದೇವರ ಚಿತ್ರ ತೆಗೆಯುವುದಕ್ಕೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಎರಡು, ಕಂಬದ ಮೇಲೆ ಬಿಸಿಲು ಬಿದ್ದ ಅಂಚನ್ನು ಪರದೆಯಲ್ಲಿ ಬೆರಳಿಂದ ಒತ್ತಿ, ಎತ್ತದೆ ಹಿಡಿದುಕೊಳ್ಳಿ. ಬೀಗದ ಗುರುತು ಅಥವಾ ಲಾಕ್ ಎಂಬ ಅಕ್ಷರ ಮೂಡುತ್ತದೆ. ಮೂರು, ಪಕ್ಕದಲ್ಲಿ ಕಾಣುವ ಪುಟ್ಟ ಸೂರ್ಯನ ಚಿತ್ರವನ್ನು ಕೆಳಕ್ಕೆ ಎಳೆಯಿರಿ, ಕಣ್ಣಿಗೆ ಕಂಡಷ್ಟೇ ಕಪ್ಪು ಪರದೆಯಲ್ಲೂ ಕಾಣುವವರೆಗೆ. ಕ್ಯಾಮೆರಾ ಇರುವವರು ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಮೈನಸ್ ಒಂದರ ಆಸುಪಾಸಿನಲ್ಲಿ ಇಟ್ಟುಕೊಂಡರೆ ಆಯಿತು. ಇನ್ನೊಂದು, ಫೋನನ್ನು ಮೇಲಕ್ಕೆ ವಾಲಿಸಬೇಡಿ. ವಾಲಿಸಿದರೆ ಎಂಟುನೂರು ವರ್ಷ ನೆಟ್ಟಗೆ ನಿಂತ ಕಂಬಗಳು ಕುಡಿದವರಂತೆ ಒಂದರ ಮೇಲೊಂದು ಒರಗುತ್ತವೆ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ.

ಇಷ್ಟು ಮಾಡಿದ ಮೇಲೆ ಒಂದು ಕಂಬದ ಮುಂದೆ ಸುಮ್ಮನೆ ಕೂತು ನೋಡಿ. ತಿರುಗಣಿಗೆ ಕೊಟ್ಟು ತಿರುವಿದ ಕಂಬಗಳಿವು. ಗಂಟೆಯಾಕಾರದ ಉಬ್ಬು, ಅದರ ಕೆಳಗೆ ಕೂದಲೆಳೆಯಂಥ ಸುತ್ತುಗೀಟುಗಳು. ನುಣುಪು ಉಳಿದಿರುವ ಕಡೆ ಆ ಉಬ್ಬಿನ ಮೇಲೆ ಇಡೀ ಅಂಗಳ ಒಂದು ಬೆರಳಗಲದ ಬೆಳ್ಳಿ ಪಟ್ಟಿಯಾಗಿ ಕಾಣುತ್ತದೆ. ಯಾರಾದರೂ ಪ್ರದಕ್ಷಿಣೆ ಬಂದರೆ ಆ ಪಟ್ಟಿಯಲ್ಲಿ ಒಂದು ಚುಕ್ಕೆ ಸರಿಯುತ್ತದೆ. ನನ್ನ ಲೆಕ್ಕದಲ್ಲಿ ಹರಿಹರದ ಚಿತ್ರವೆಂದರೆ ಅದು. ಲೇತ್ ಯಂತ್ರ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಆರಂಭವಾದದ್ದೂ ಇದೇ ಊರಿನಲ್ಲಿ ಎಂಬುದು ನೆನಪಾದರೆ ಖುಷಿ ಇನ್ನೂ ಹೆಚ್ಚುತ್ತದೆ.

ಹೊರಗೋಡೆಗೂ ಕಾಲ ಉಂಟು. ದಕ್ಷಿಣದ ಗೋಡೆಗೆ ನವೆಂಬರ್‌ನಿಂದ ಜನವರಿವರೆಗೆ ಓರೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಉತ್ತರದ ಗೋಡೆಗೆ ಆ ತಿಂಗಳುಗಳಲ್ಲಿ ನೇರ ಬಿಸಿಲೇ ಇಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ, ಆಗ ಉತ್ತರದ ಗೋಡೆಯ ಸರದಿ. ಶಾಸನಗಳ ಅಕ್ಷರ ಎದ್ದು ಕಾಣಬೇಕಾದರೂ ಓರೆ ಬೆಳಕೇ ಬೇಕು. ಮೋಡವಿದ್ದರೆ ಗೆಳೆಯನ ಕೈಗೆ ಟಾರ್ಚ್ ಕೊಟ್ಟು ಕಲ್ಲಿನ ಪಕ್ಕದಿಂದ ಬೆಳಕು ಸವರಿಸಿ. ಸುಣ್ಣ, ಚಾಕ್‌ಪೀಸ್, ಎಣ್ಣೆ ಬಳಿದು ಅಕ್ಷರ ತುಂಬುವ ದುರಭ್ಯಾಸ ಇನ್ನೂ ಕೆಲವರಿಗಿದೆ. ದಯವಿಟ್ಟು ಬೇಡ. ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕೈಯಲ್ಲಿ ಹಿಡಿದು ಫೋಟೊ ತೆಗೆಯಬಹುದು. ಟ್ರೈಪಾಡ್‌ಗೆ, ಡ್ರೋನ್‌ಗೆ ಮುಂಚಿತವಾಗಿ ಅನುಮತಿ ಬೇಕು. ಬಣ್ಣದ ಹೊಗೆ ಹಾರಿಸಿ ಮಂಟಪದ ಅಂಚಿನ ಕಲ್ಲಾಸನದ ಮೇಲೆ ವಧುವನ್ನು ಮಲಗಿಸುವ ಪ್ರಿ-ವೆಡ್ಡಿಂಗ್ ಮಂದಿ ಛತ್ರ ಬಾಡಿಗೆಗೆ ಹಿಡಿಯಲಿ.

ಒಂಬತ್ತಕ್ಕೆ ದಾವಣಗೆರೆಗೆ ವಾಪಸ್. ಮುಂದಿನದು ಮಂಡಕ್ಕಿ ಭಟ್ಟಿ. ಬೆಣ್ಣೆ ದೋಸೆಯ ಚಿತ್ರ ಎಲ್ಲರ ಫೋನಿನಲ್ಲೂ ಇದೆ, ಭಟ್ಟಿಯದು ಯಾರ ಹತ್ತಿರವೂ ಇಲ್ಲ. ಒಳಗೆ ಹೊಗೆ, ಕತ್ತಲು, ಒಲೆಗೆ ಸುರಿಯುವ ಭತ್ತದ ಹೊಟ್ಟು. ಕಾದ ಮರಳಿಗೆ ಅಕ್ಕಿ ಬಿದ್ದ ಗಳಿಗೆಯಲ್ಲೇ ಅರಳಿ ಬಾಣಲೆ ತುಂಬ ಬಿಳಿ ಉಕ್ಕುತ್ತದೆ. ಸೂರಿನ ಸಂದಿಯಿಂದ ಇಳಿವ ಬಿಸಿಲುಕೋಲು ಹೊಗೆಯಲ್ಲಿ ಕಂಬದ ಹಾಗೆ ನಿಂತಿರುತ್ತದೆ. ಆ ಬೆಳಕು ನಿಮ್ಮ ಎದುರಿಗೆ ಬರುವಂತೆ ನಿಲ್ಲಿ, ಹೊಗೆ ಕಾಣುವುದು ಆಗಲೇ. ಫ್ಲ್ಯಾಶ್ ಹಾಕಿದರೆ ಎಲ್ಲ ಹಾಳು.

ಆದರೆ ಮೊದಲು ಕೇಳಿ. ವರ್ಷಗಳ ಹಿಂದೆ ನಾನು ಬಾಗಿಲಲ್ಲೇ ನಿಂತು ಎರಡು ಕ್ಲಿಕ್ಕಿಸಿದ್ದೆ. ಜಾಲರಿ ಆಡಿಸುತ್ತಿದ್ದ ಹೆಂಗಸು ಕೈ ನಿಲ್ಲಿಸದೆಯೇ, ‘ಏನಪ್ಪಾ, ನಮ್ ಬೆವರ್ನ ಪೇಪರ್ನಾಗೆ ಹಾಕ್ತೀಯೇನು? ಒಂದ್ ಮಾತು ಕೇಳಾಕೇನು?’ ಎಂದಳು. ಕ್ಯಾಮೆರಾ ಚೀಲಕ್ಕೆ ಹಾಕಿ ಅರ್ಧ ಗಂಟೆ ಅಲ್ಲೇ ಕೂತೆ, ಬಿಸಿ ಮಂಡಕ್ಕಿ ತಿಂದೆ. ಆಮೇಲೆ ಅವಳೇ, ‘ಹ್ಞೂಂ, ತಕ್ಕಾ’ ಎಂದಳು. ಆ ದಿನದ ಚಿತ್ರಗಳಲ್ಲಿ ಕೇಳದೆ ತೆಗೆದ ಎರಡೂ ಕೆಟ್ಟದಾಗಿದ್ದವು. ಭಟ್ಟಿಯಲ್ಲಿ ಲೆನ್ಸ್ ಬದಲಿಸಬೇಡಿ, ಬೂದಿ ಒಳಗೆ ಹೋದರೆ ಸರ್ವಿಸ್ ಖರ್ಚು ನಿಮ್ಮದು. ತೆಗೆದ ಚಿತ್ರವನ್ನು ಪ್ರಿಂಟ್ ಹಾಕಿಸಿ ಒಯ್ದು ಕೊಡಿ.

ಹನ್ನೊಂದರಿಂದ ಮೂರೂವರೆವರೆಗೆ ಕ್ಯಾಮೆರಾ ಚೀಲದಲ್ಲಿರಲಿ. ದೋಸೆ ತಿನ್ನಿ, ಮಲಗಿ.

ನಾಲ್ಕೂವರೆಗೆ ಮತ್ತೆ ಹರಿಹರ, ಈ ಸಲ ನೇರ ಹೊಳೆಗೆ. ಊರು ತುಂಗಭದ್ರೆಯ ಪೂರ್ವದ ದಡದಲ್ಲಿದೆ, ಹಾಗಾಗಿ ಸೂರ್ಯ ಮುಳುಗುವುದು ಹೊಳೆಯಾಚೆ. ಬೆಳಗ್ಗೆ ಗುಡಿಗೆ ಕೊಟ್ಟ ಬೆಳಕನ್ನು ಸಂಜೆ ನೀರಿಗೆ ಕೊಡುತ್ತಾನೆ. 1868ರಲ್ಲಿ ಮುಗಿದ ಕಮಾನುಗಳ ಹಳೆ ಸೇತುವೆಯನ್ನು ಸೇತುವೆಯ ಮೇಲೆ ನಿಂತು ತೆಗೆಯಲಾಗುವುದಿಲ್ಲ, ಇದನ್ನೂ ಹೇಳಬೇಕಾಗಿದೆ. ದಡದಲ್ಲಿ ಓರೆಯಾಗಿ ನಿಂತರೆ ಕಮಾನುಗಳು ಒಂದರೊಳಗೊಂದು ಸೇರಿಕೊಂಡು ದೂರ ಹೋಗುತ್ತವೆ. 1956ಕ್ಕೆ ಮುಂಚೆ ಈ ದಡ ಮೈಸೂರು, ಆ ದಡ ಮುಂಬೈ ರಾಜ್ಯ. ಆಚೆ ಕುಮಾರಪಟ್ಟಣದ ಕಾರ್ಖಾನೆಯ ಚಿಮಣಿಗಳು ಚೌಕಟ್ಟಿನೊಳಗೆ ಬಂದರೆ ಬರಲಿ ಬಿಡಿ. ಅವನ್ನು ಕತ್ತರಿಸಿದ ಹೊಳೆ ಯಾವ ಊರಿನದ್ದೂ ಆಗಬಹುದು.

ಸೂರ್ಯನನ್ನೇ ಒತ್ತಿ ಲಾಕ್ ಮಾಡಬೇಡಿ, ಪಕ್ಕದ ಆಕಾಶವನ್ನು ಒತ್ತಿ. ಸೂರ್ಯ ಮುಳುಗಿದೊಡನೆ ಎದ್ದು ಹೋಗುವವರು ಒಳ್ಳೆಯದನ್ನು ಬಿಟ್ಟು ಹೋಗುತ್ತಾರೆ. ಇನ್ನೂ ಇಪ್ಪತ್ತು ನಿಮಿಷ ಬಣ್ಣ ಇರುತ್ತದೆ. ಜೂನ್–ಜುಲೈನಲ್ಲಿ ಗಾಜನೂರು ಅಣೆಕಟ್ಟೆಯ ಗೇಟು ತೆಗೆದರೆ ಹೊಳೆ ಕೆಂಪಗೆ ದಡ ತುಂಬಿ ಬರುತ್ತದೆ, ಜನವರಿಯಲ್ಲಿ ತಿಳಿನೀರು, ನಡುವೆ ಬಂಡೆ. ಎರಡೂ ಚೆಂದ. ಒಂದು ಎಚ್ಚರಿಕೆ: ನೀರು ಕಡಿಮೆಯಿದೆಯೆಂದು ಹೊಳೆಗೆ ಇಳಿಯಬೇಡಿ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ, ಈಜು ಬಂದವರನ್ನೂ ನುಂಗಿವೆ.

ಜಾಗ ಮುಗಿಯುತ್ತ ಬಂತು, ಉಳಿದವು ಬೇಗ ಬೇಗ. ದಾವಣಗೆರೆಯ ಗಾಜಿನ ಮನೆಯನ್ನು ಸೂರ್ಯ ಮುಳುಗಿದ ಹದಿನೈದು ನಿಮಿಷಕ್ಕೆ ತೆಗೆಯಿರಿ, ಒಳಗಿನ ದೀಪವೂ ಹೊರಗಿನ ಆಕಾಶವೂ ಆಗ ಸರಿಸಮ. ಕುಂದವಾಡ ಕೆರೆಗೆ ಬೆಳಗ್ಗೆ. ಕೊಂಡಜ್ಜಿ ಕೆರೆಗೆ ಮಳೆಗಾಲ ಮುಗಿದ ಮೇಲೆ, ಗುಡ್ಡ ಹಸಿರಿರುವಾಗ. ಹರಿಹರದ ಆರೋಗ್ಯಮಾತೆ ಚರ್ಚಿಗೆ ಸೆಪ್ಟೆಂಬರ್ 8ರ ಹಬ್ಬಕ್ಕೆ. ಉಚ್ಚಂಗಿದುರ್ಗಕ್ಕೆ ನೀರು ಹೊತ್ತು ಹೋಗಿ, ಹುಣ್ಣಿಮೆಯ ದಿನ ಜನಜಂಗುಳಿ ಬೇಕಿದ್ದರೆ ಮಾತ್ರ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಏರಿಯ ಮೇಲಿಂದಲ್ಲ, ಪಕ್ಕದ ಗುಡ್ಡದಿಂದ ನೋಡಿ. ಅಲ್ಲಿಂದ ಹೊರಟ ಹರಿದ್ರಾ ಹಳ್ಳವೇ ಹರಿಹರದ ಹತ್ತಿರ ಹೊಳೆ ಸೇರುವುದು. ಸಂತೇಬೆನ್ನೂರಿನ ಪುಷ್ಕರಣಿಗೆ ಗಾಳಿ ಏಳುವ ಮುನ್ನ ಹೋಗಬೇಕು. ಎಂಟು ಗಂಟೆಗೆಲ್ಲ ನೀರು ಅಲುಗಾಡಲು ಶುರುವಾದರೆ ನಡುವಿನ ವಸಂತ ಮಂಟಪದ ಬಿಂಬ ಚೂರುಚೂರಾಗುತ್ತದೆ. ಮೆಟ್ಟಿಲ ಕೆಳಗೆ ಪಾಚಿ ಇರುತ್ತದೆ, ಚಪ್ಪಲಿ ನೋಡಿಕೊಂಡು ಇಳಿಯಿರಿ.