ಅತ್ತೆಯ ಕಾಲು ನೋವು

ಅತ್ತೆಗೆ ಕಾಲು ನೋವು. "ವಯಸ್ಸಾಯ್ತು. ಎಣ್ಣೆ ತಿಕ್ಕಿದರೆ ಹೋಗುತ್ತೆ" ಅಂದರು. ಸೊಸೆ ಒಪ್ಪಲಿಲ್ಲ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಕೇಳಿದರು, "ನೋವು ಎಲ್ಲಿ? ಯಾವಾಗ?"

"ನಡೆದರೆ ಮೀನಖಂಡ ಹಿಡಿಯುತ್ತೆ. ನಿಂತರೆ ಬಿಡುತ್ತೆ ತಾಯಿ."

ಡಾಕ್ಟರಮ್ಮ ಪಾದದ ನಾಡಿ ಹಿಡಿದು ನೋಡಿದರು.

"ಇದು ಮೂಳೆ ನೋವಲ್ಲಮ್ಮ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ. ರಕ್ತನಾಳದ ಡಾಕ್ಟರಿಗೆ ಚೀಟಿ ಕೊಡ್ತೀನಿ. ಹಾಗೇ ಬಿಟ್ಟರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು."

ನೆನಪಿಡಿ:

ಮಂಡಿ ನೋವಿಗೆ ಮೂಳೆ ಡಾಕ್ಟರು.

ಪಾದ ಉರಿ, ಜೋಮು ಇದ್ದರೆ ಮೊದಲು ಸಕ್ಕರೆ ಕಾಯಿಲೆಯ ಪರೀಕ್ಷೆ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ನೋಯುತ್ತಿದೆಯೇ? ತಿಕ್ಕಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಎಲ್ಲಾ ಕಾಲು ನೋವೂ ಒಂದೇ ಅಲ್ಲ. ನಿಮ್ಮ ಮನೆಯ ಹಿರಿಯರನ್ನೂ ಕೇಳಿ: ನೋವು ಎಲ್ಲಿ? ಯಾವಾಗ?