ಸಂಘದ ಕಂಪ್ಯೂಟರಿಗೂ ಬೀಗ ಬೇಕು



ತಾವು ಬೆಳಿಗ್ಗೆ, ಸಂಜೆ ಹಾಕುವ ಹಾಲಿನ ಪ್ರಮಾಣ, ಜಿಡ್ಡು ಮತ್ತು ಜಿಡ್ಡೇತರ ಘನಾಂಶ ಈಗ ಹಲವು ಸಂಘಗಳಲ್ಲಿ ಕಂಪ್ಯೂಟರಿನಲ್ಲೇ ದಾಖಲಾಗುತ್ತವೆ. ತಮ್ಮ ಬಟವಾಡೆ ನಿರ್ಧಾರವಾಗುವುದು ಈ ಅಂಕಿಗಳಿಂದ. ೨೦೦೮ರಲ್ಲಿ ಲೀಟರಿಗೆ ೨ ರೂಪಾಯಿಯಂತೆ ಆರಂಭವಾದ ರಾಜ್ಯ ಸರ್ಕಾರದ ಪ್ರೋತ್ಸಾಹಧನಕ್ಕೂ ಹಾಲಿನ ಲೆಕ್ಕವೇ ಆಧಾರ. ಹಾಲಿನ ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ನಾವು, ಅದೇ ಲೆಕ್ಕವಿರುವ ಕಂಪ್ಯೂಟರನ್ನು ಮೇಜಿನ ಮೇಲೆ ಬಿಟ್ಟಿರುತ್ತೇವೆ. ಪಾಸ್‌ವರ್ಡ್ ಇದೆಯೆಂಬ ಧೈರ್ಯ!

ಈ ಧೈರ್ಯ ಸಾಲದು. ಯಂತ್ರ ಕೈಗೆ ಸಿಕ್ಕವನು ಅದನ್ನು ತನ್ನ ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, ಪಾಸ್‌ವರ್ಡ್ ಕೇಳುವ ಬಾಗಿಲನ್ನೇ ಬಳಸದೆ ಒಳಗಿನ ಲೆಕ್ಕ ತಿದ್ದಬಹುದು. ತಿರುಪು ಬಿಚ್ಚಿ ಹಾರ್ಡ್‌ಡಿಸ್ಕನ್ನೇ ಒಯ್ಯಬಹುದು. ಕೀಲಿಮಣೆಯ ತಂತಿಗೆ ಬೆರಳುದ್ದದ ಸಾಧನ ಸಿಕ್ಕಿಸಿ, ಒತ್ತಿದ ಅಕ್ಷರಗಳನ್ನೆಲ್ಲ ಕದಿಯಬಹುದು. ಅನೇಕ ಸಂಘಗಳ ಲೆಕ್ಕ ಒಂದೆಡೆ ಸೇರುವ ಸರ್ವರ್ ಎಂಬ ಕಂಪ್ಯೂಟರಿಗೂ ಇದೇ ಮಾತು ಅನ್ವಯಿಸುತ್ತದೆ.

ಆದುದರಿಂದ ಪ್ರತಿ ಸಂಘವೂ ಈ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

೧. ಕಂಪ್ಯೂಟರಿನ ಪೆಟ್ಟಿಗೆಯನ್ನು ಬೀಗವಿರುವ ಕೋಣೆಯಲ್ಲಿ ಅಥವಾ ಗಾಳಿಯಾಡುವ ಕಬ್ಬಿಣದ ಗೂಡಿನಲ್ಲಿಡಿ. ಕಿಟಕಿಗೆ ಸರಳುಗಳಿರಲಿ.

೨. ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಸಿಬ್ಬಂದಿ ಬದಲಾದಾಗ ಬೀಗವನ್ನೂ ಪಾಸ್‌ವರ್ಡನ್ನೂ ಬದಲಾಯಿಸಿ.

೩. ರಿಪೇರಿಗೆ ಬಂದವರ ಗುರುತು ಕೇಳಿ, ಸಹಿ ಪಡೆಯಿರಿ. ಕೆಲಸ ಮುಗಿಯುವವರೆಗೆ ಸಿಬ್ಬಂದಿಯೊಬ್ಬರು ಜೊತೆಯಲ್ಲಿರಲಿ.

೪. ಹೊರಗಿನ ಪೆನ್‌ಡ್ರೈವ್ ಹಾಕಲು ಬಿಡಬೇಡಿ. ೨೦೧೦ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ವೈರಸ್ ಪೆನ್‌ಡ್ರೈವ್ ಮೂಲಕವೂ ಹರಡುವಂಥದು. ಇಂಟರ್ನೆಟ್ ಸಂಪರ್ಕವಿಲ್ಲದ ಯಂತ್ರವೂ ಇಂತಹ ವೈರಸ್ಸಿನಿಂದ ಕ್ಷೇಮವಲ್ಲ.

೫. ಪೆನ್‌ಡ್ರೈವ್‌ನಿಂದ ಯಂತ್ರ ಚಾಲೂ ಆಗದಂತೆಯೂ, ಕದ್ದೊಯ್ದ ಡಿಸ್ಕನ್ನು ಓದಲಾಗದಂತೆ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುವಂತೆಯೂ ತಂತ್ರಜ್ಞರಿಂದ ವ್ಯವಸ್ಥೆ ಮಾಡಿಸಿ. ಗೂಢಲಿಪಿಯ ಕೀಲಿಸಂಖ್ಯೆ ಕಳೆದರೆ ಸಂಘವೂ ಲೆಕ್ಕ ಓದಲಾಗದು. ಅದನ್ನು ಲಕೋಟೆಯಲ್ಲಿ ಮೊಹರು ಮಾಡಿ ತಿಜೋರಿಯಲ್ಲಿಡಿ.

೬. ಪ್ರತಿದಿನದ ಲೆಕ್ಕದ ನಕಲನ್ನು ಬೇರೆ ಕಟ್ಟಡದಲ್ಲಿ ಭದ್ರವಾಗಿಡಿ. ಕಳವು, ಬೆಂಕಿ, ಸಿಡಿಲು ಯಾವುದರಿಂದ ಯಂತ್ರ ಹಾಳಾದರೂ ಲೆಕ್ಕ ಉಳಿಯುತ್ತದೆ.

ಇದು ಕಾರ್ಯದರ್ಶಿಯವರ ಮೇಲಿನ ಅನುಮಾನವಲ್ಲ. ಬೀಗ ಭದ್ರವಾಗಿದ್ದರೆ ಪ್ರಾಮಾಣಿಕ ನೌಕರನ ಮೇಲೆ ಸುಳ್ಳು ಆಪಾದನೆ ಬರುವುದೂ ತಪ್ಪುತ್ತದೆ.

ಸದಸ್ಯರಾದ ತಮ್ಮ ಪಾತ್ರವೂ ಇದೆ. ಹಾಲು ಹಾಕಿದಾಗ ಕೊಡುವ ಚೀಟಿಯನ್ನು ಎಸೆಯದೆ ಜೋಪಾನವಾಗಿಟ್ಟು, ಬಟವಾಡೆಯ ದಿನ ತಾಳೆ ನೋಡಿ. ಯಂತ್ರದ ಅಂಕಿಯನ್ನು ಯಾರಾದರೂ ತಿದ್ದಿದರೆ ಅದನ್ನು ತೋರಿಸಿಕೊಡುವ ಸಾಕ್ಷಿ ತಮ್ಮ ಕೈಯಲ್ಲಿರುವ ಆ ಚೀಟಿ. ಮುಂದಿನ ಸಭೆಯಲ್ಲಿ ತಪ್ಪದೆ ಕೇಳಿ: ನಮ್ಮ ಸಂಘದ ಕಂಪ್ಯೂಟರಿಗೆ ಬೀಗವಿದೆಯೇ? ಬೀಗದ ಕೈ ಯಾರಲ್ಲಿದೆ?